ಗೌಂಡಿ ಒಪ್ಪದ ಕಿಟಕಿ

ನಿಮಗೂ ಹೀಗಾಗಿದೆಯಾ? ಯಾವ ಕಥೆ ತೆರೆದರೂ ನಾಯಕಿ ದುಃಖವಾದ ಕೂಡಲೇ ಎದ್ದು ಕಿಟಕಿಗೆ ಹೋಗಿರುತ್ತಾಳೆ. ನಮ್ಮ ಆಧುನಿಕ ಸಾಹಿತ್ಯದ ಅರ್ಧ ಸಂಕಟ ಕಿಟಕಿಯ ಸರಳು ಹಿಡಿದೇ ನಿಂತಿದೆ. ನಾನೂ ನಾಯಕಿಯನ್ನು ಅಲ್ಲೇ ನಿಲ್ಲಿಸಿದವನೇ.

ತೊಂಬತ್ತರ ದಶಕದ ಕೊನೆ. ಹುನಗುಂದದಲ್ಲಿ ಗುಮಾಸ್ತಿಕೆ, ಇಳಕಲ್ಲಿನಲ್ಲಿ ಬಾಡಿಗೆ ಮನೆ. ಮೂರು ಕಥೆಗಳು ಪತ್ರಿಕೆಯಿಂದ ವಾಪಸ್ ಬಂದಿದ್ದವು. ನಾಲ್ಕನೆಯದೂ ಬಂದರೆ ಬರೆಯುವುದನ್ನೇ ಬಿಡುತ್ತೇನೆ ಎಂದು ಹೆಂಡತಿಯ ಮುಂದೆ ಹೇಳಿಬಿಟ್ಟಿದ್ದೆ. ಅವಳು ಬೇಡ ಅನ್ನಲಿಲ್ಲ. ಅದು ಚುಚ್ಚಿತು.

ಆ ನಾಲ್ಕನೆಯ ಕಥೆಯಲ್ಲಿ ನೇಕಾರನೊಬ್ಬ ಹೆಂಡತಿಗೆ ಹೇಳದೆ ಮಗ್ಗ ಮಾರಲು ಹೊರಟಿದ್ದಾನೆ. ಅದು ಹೇಗೋ ಗೊತ್ತಾಗಿ ಅವಳು ಕಿಟಕಿಯಲ್ಲಿ ನಿಂತು ಎರಡು ಪುಟ ಮೌನವಾಗಿ ಯೋಚಿಸುತ್ತಾಳೆ. ಅಲ್ಲಿಗೆ ಮುಗಿಯಿತು.

ಸೋರುವ ಮಾಳಿಗೆ ನೋಡಲು ಮನೆ ಕಟ್ಟುವ ಗೌಂಡಿ ದಾವಲಸಾಬರು ಬಂದಿದ್ದರು. ಅವರು ಚಹಾ ಕುಡಿಯುವಷ್ಟರಲ್ಲಿ ಕಥೆ ಓದಿ ಕೇಳಿಸಿದೆ.

“ಸರ, ಈ ಕಿಡಕಿ ಯಾವ ಗೌಂಡಿ ಇಟ್ಟಾನ್ರಿ?”

“ಯಾಕ್ರಿ?”

“ನೇಕಾರರ ಓಣಿ ಅಂತೀರಿ. ಎರಡೂ ಬಾಜೂ ಮಂದಿ ಗ್ವಾಡಿ. ಅಲ್ಲಿ ಕಿಡಕಿ ಒಡದ್ರ ಬಾಜೂ ಮನಿ ಅಡಗಿಮನಿ ಕಾಣತೈತಿ. ನಿಮ್ಮ ಹೆಣಮಗಳು ಉಸರ ಬಿಟ್ರ ಅವರ ಒಲಿ ಹತ್ತತೈತಿ!”

“ಮತ್ತ ಬೆಳಕು?”

“ಮಾಳಗಿ ಮ್ಯಾಲ ಬೆಳಕಿಂಡಿ ಇರತೈತಲ್ರಿ. ಅದರಾಗ ಮುಗಲ ಕಾಣತೈತಿ, ಅಷ್ಟ.”

“ಹಂಗಾದ್ರ ಅಕಿ ಎಲ್ಲಿ ನಿಂತು ಯೋಚನಿ ಮಾಡಬೇಕ್ರಿ?”

“ಯಾಕ ನಿಂದರಬೇಕು? ಗಂಡ ಪಡಸಾಲ್ಯಾಗ ಮಗ್ಗದ ಮುಂದ ಕುಂತಾನ. ನಾಕ ಹೆಜ್ಜಿ. ಹೋಗಿ ಕೇಳಲಿ!”

ಸಿಟ್ಟು ಬಂತು. ತಲೆ ಎತ್ತಿದರೆ ನನ್ನ ನೆತ್ತಿಯ ಮೇಲೂ ಬೆಳಕಿಂಡಿಯೇ! ಐಹೊಳೆಯ ಗುಡಿಗಳಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಅವು ಬೆಳಕು ಒಳಗೆ ಬರಲೆಂದು ಇರುವವು, ಹೊರಗೆ ನೋಡಿ ಕೊರಗಲೆಂದಲ್ಲ. ನಾವು ಯಾವುದೋ ಊರಿನ ಕಾದಂಬರಿಯಿಂದ ಕಿಟಕಿ ಕಿತ್ತು ತಂದು ನಮ್ಮ ಮಣ್ಣಿನ ಗೋಡೆಗೆ ಸಿಕ್ಕಿಸಿದ್ದೆವು. ಅದರ ಜೊತೆಗೆ ಆ ಊರಿನ ಮೌನವೂ ಬಂದಿತ್ತು.

ಎರಡೂ ಪುಟ ಹೊಡೆದು ಹಾಕಿದೆ. ಈಗ ಅವಳಿಗೆ ನಿಲ್ಲಲು ಜಾಗವೇ ಇಲ್ಲ. ನೆಟ್ಟಗೆ ಪಡಸಾಲೆಗೆ ಬಂದಳು. “ಕಂಡಿಕಿಗೆ ನೂಲು ಸುತ್ತಾಕಿ ನಾ. ಮಗ್ಗ ಮಾರೂದಿದ್ರ ಮದಲ ನನ್ನ ಕೇಳ್ರಿ,” ಅಂದಳು. ಖರೆ ಹೇಳಬೇಕೆಂದರೆ, ಅವಳು ಹೀಗೆ ಮಾತಾಡುತ್ತಾಳೆಂದು ನನಗೇ ಗೊತ್ತಿರಲಿಲ್ಲ.

ಕಥೆ ಅಚ್ಚಾಯಿತು. ಹೆಂಡತಿ ನಿಂತಲ್ಲೇ ಓದಿ ಮುಗಿಸಿ, “ಇನ್ನ ಬಿಡಬ್ಯಾಡ್ರಿ, ಬರೀರಿ. ಈಗರ ನಿಮ್ಮ ಕಥ್ಯಾಗ ಮನಷಾರು ಬರಾಕತ್ತಾರ,” ಅಂದಳು.

ನಿಮ್ಮ ಮನೆಯಲ್ಲಿ ಮನಸ್ಸು ನೊಂದವರು ಎಲ್ಲಿಗೆ ಹೋಗಿ ಕೂಡುತ್ತಿದ್ದರು? ಹಿತ್ತಲಿಗೋ, ಅಟ್ಟಕ್ಕೋ, ಜೋಳದ ಚೀಲಗಳ ಹಿಂದೋ? ಕೆಳಗೆ ಬರೆಯಿರಿ. ಒಂದೇ ಷರತ್ತು: ಚಂದ ಮಾಡಲು ಹೋಗಬೇಡಿ, ಮನೆ ಹೇಗಿತ್ತೋ ಹಾಗೇ ಇರಲಿ.