ಕಿಟಕಿಯಿಂದ ಎಸೆದ ಗಂಟು

ಕೇಳಿರಪ್ಪಾ, ಇವತ್ತು ಖಾನಾಪುರ ಸ್ಟೇಷನ್ನಿನಲ್ಲಿ ಜಾಗ ಹಿಡಿಯಲು ಎಂದಿನಂತೆ ರೈಲಿನ ಕಿಟಕಿಯೊಳಗೆ ನನ್ನ ಗಂಟು ಎಸೆದೆ. ಒಳಗಿದ್ದವರೆಲ್ಲ ಚೀರುತ್ತ ಕೆಳಗೆ ಧುಮುಕಿದರು! ಬ್ರಿಟಿಷ್ ಸರಕಾರದ ಗೋರಾ ಸಾಹೇಬನಿಗೆಂದು ಇಟ್ಟ ಬಾಂಬಿಗೆ ಎಲ್ಲೋ ದೂರದ ರೈಲಿನಲ್ಲಿ ಬಡವರು ಸತ್ತ ಮೇಲೆ, ಗಂಟು ಕಂಡರೆ ಎಲ್ಲರಿಗೂ ಭಯ.

"ಏನೈತೋ ತಮ್ಮಾ ಅದರಾಗ?" ಮುದುಕರೊಬ್ಬರು ಗದರಿದರು.

"ಅವ್ವ ಕಟ್ಟಿದ ರೊಟ್ಟಿ ರೀ ಅಜ್ಜಾ. ನೀವೂ ಒಂದು ತಿನ್ರಿ."

"ನೀನಽ ತಿನ್ನಪಾ" ಎಂದವರೇ ಬೇರೆ ಡಬ್ಬಿ ಹತ್ತಿದರು.

ಮೊದಲಾಗಿದ್ದರೆ ಬೆಳಗಾವಿ ಮುಟ್ಟುವುದರೊಳಗೆ ನನ್ನ ರೊಟ್ಟಿ ಅವರ ಹೊಟ್ಟೆಯಲ್ಲಿ, ಅವರ ಚಟ್ನಿ ನನ್ನ ಹೊಟ್ಟೆಯಲ್ಲಿ ಇರುತ್ತಿತ್ತು. ಇಂದು ಇಡೀ ಬೆಂಚಿನ ಮೇಲೆ ಒಬ್ಬನೇ ಕೂತು, ಎಂಥ ಪುಕ್ಕಲರೆಂದು ಎಲ್ಲರನ್ನೂ ಬೈದುಕೊಂಡೆ.

ದೇಸೂರಿನಲ್ಲಿ ಯಾರೋ ಕಿಟಕಿಯೊಳಗೆ ಗಂಟು ಎಸೆದರು. ಅವ್ವನ ರೊಟ್ಟಿಯನ್ನೂ ಬಿಟ್ಟು ಬಾಗಿಲಿಗೆ ಓಡಿದವನು ನಾನೇ.