ಪಕ್ಕದ ಮನೆಯ ಹೊಲಿಗೆಯಕ್ಕ

ಮೊನ್ನೆ ಮಗಳ ಜೊತೆ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರಿಪೇರಿ ಅಂಗಡಿಯೊಂದರಿಂದ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಬಂತು. ಪಕ್ಕದ ಮನೆಯ ಹೊಲಿಗೆಯಕ್ಕ ನೆನಪಾದರು...

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಶಕ್ತಿನಗರದ ಬಾಡಿಗೆ ಮನೆಯಲ್ಲಿದ್ದೆವು. ಗಂಡನಿಗೆ ಪಣಂಬೂರಿನ ಬಂದರಿನಲ್ಲಿ ಶಿಫ್ಟ್ ಕೆಲಸ. ಐದು ವರ್ಷದ ಮಗಳು ಮಾತಾಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿರಲಿಲ್ಲ; ಅಪ್ಪಿಕೊಂಡರೆ ಕೊಸರಿಕೊಂಡು ಓಡುತ್ತಿದ್ದಳು. ಆಟಿಸಂ ಎಂಬ ಪದ ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. "ತಾಯಿಯ ಪ್ರೀತಿ ಸಾಕಾಗ್ಲಿಲ್ಲ ಕಾಣ್ತದೆ" ಎಂದು ಡಾಕ್ಟರೊಬ್ಬರು ಹೇಳಿದರು. ಊರಿನಿಂದ ಬಂದ ಅತ್ತೆಯೂ ಅದನ್ನೇ ಹೇಳಿ ಹೋದರು. ಕೊನೆಗೆ ನಾನೂ ನಂಬಿದೆ.

ಹೊಲಿಗೆಯಕ್ಕ ಒಂಟಿಯಾಗಿದ್ದರು. ಅವರ ಮೆಷಿನ್ನಿನ ಚಕ್ರ ತಿರುಗುವಷ್ಟು ಹೊತ್ತೂ ಮಗಳು ಅದರ ಪಕ್ಕದಲ್ಲಿ ಕೂತಿರುತ್ತಿದ್ದಳು. ಅವರು ಅವಳನ್ನು ಮುಟ್ಟುತ್ತಿರಲಿಲ್ಲ, ಮಾತಾಡಿಸುತ್ತಲೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು...

ಒಮ್ಮೆ ಆಪರೇಷನ್ ಆಗಿ ನಾನು ವಾರವಿಡೀ ಆಸ್ಪತ್ರೆಯಲ್ಲಿರಬೇಕಾಯಿತು. ಮಗಳನ್ನು ಅವರ ಬಳಿ ಬಿಟ್ಟಿದ್ದೆ. ಮರಳಿ ಬಂದಾಗ ಅವಳು ಅವರ ಗೇಟಿನ ಹತ್ತಿರ ನಿಂತಿದ್ದಳು. ನಾನು ಬಸ್ಸಿಳಿದು ಬಂದದ್ದೇ ತಡ, ಬೆನ್ನು ತಿರುಗಿಸಿ ಒಳಗೆ ನಡೆದಳು. ನಾನು ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟೆ.

"ಎಂತಕ್ಕೆ ಅಳುವುದು ಮಾರಾಯ್ರೆ?" ಎಂದರು ಅಕ್ಕ. "ನೀವು ಹೋದ ಮೇಲೆ ಅವಳು ಸರಿಯಾಗಿ ಉಂಡೇ ಇಲ್ಲ. ಬಸ್ಸಿನ ಶಬ್ದ ಕೇಳಿದ್ರೆ ಸಾಕು, ಗೇಟಿಗೆ ಓಡ್ತಿದ್ಲು. ಈಗ ಒಳಗೆ ನೋಡಿ."

ಇಣುಕಿದೆ. ಮಗಳು ನೆಲದಲ್ಲಿ ಕೂತು, ಬೆಳಗ್ಗೆ ಮುಚ್ಚಿಟ್ಟಿದ್ದ ಗಂಜಿಯನ್ನು ಬಾಚಿ ಬಾಚಿ ಉಣ್ಣುತ್ತಿದ್ದಳು.

"ನಿಮ್ಮನ್ನು ಕಂಡ ಮೇಲೆ ಹಸಿವಾಯ್ತು ಅವಳಿಗೆ."

ಅಂದಿನಿಂದ ಅವಳು ನನ್ನ ಮುಖ ನೋಡಲಿ ಎಂದು ಕಾಯುವುದನ್ನು ಬಿಟ್ಟೆ. ಪಕ್ಕದಲ್ಲಿ ಸುಮ್ಮನೆ ಕೂರುವುದನ್ನು ಕಲಿತೆ. ಒಂದು ಮಧ್ಯಾಹ್ನ ಅವಳಾಗಿಯೇ ನನಗೆ ಬೆನ್ನು ಒರಗಿಸಿ ಕೂತಳು. ಮುಖ ಮಾತ್ರ ಆಚೆಗೇ ಇತ್ತು.

ಎಂಬತ್ತರ ದಶಕದ ನಡುವೆ ಅಕ್ಕ ಕಾಮಾಲೆಯಾಗಿ ತೀರಿಕೊಂಡರು. ಮಗಳು ಅಳಲಿಲ್ಲ. "ಅವಳಿಗೆಂತ ಗೊತ್ತಾಗ್ತದೆ?" ಎಂದರು ಜನ. ಬೀಗ ಹಾಕಿದ ಆ ಮನೆಯ ಜಗಲಿಯಲ್ಲಿ ಎಷ್ಟೋ ತಿಂಗಳು ಹೋಗಿ ಕೂರುತ್ತಿದ್ದಳು. ಎಬ್ಬಿಸಿದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ನಾನೂ ಅಲ್ಲೇ ಕೂರುತ್ತಿದ್ದೆ...

ಈಗ ಮಗಳ ಈ ಸ್ವಭಾವಕ್ಕೊಂದು ಹೆಸರುಂಟು. ಡಾಕ್ಟರುಗಳು ಮರ್ಯಾದೆಯಿಂದ ಮಾತಾಡುತ್ತಾರೆ. ಗಂಡ ತೀರಿಹೋಗಿ ವರ್ಷಗಳಾದವು, ಮಗಳ ಕೂದಲೂ ನೆರೆತಿದೆ. ನನ್ನ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮುಂದೂಡುತ್ತಲೇ ಇದ್ದೇನೆ. ಒಂದು ದಿನದ ಮಟ್ಟಿಗೆ ಅವಳನ್ನು ಬಿಟ್ಟು ಹೋಗೋಣವೆಂದರೆ, ಪಕ್ಕದಲ್ಲಿ ಆ ಮನೆ ಇಲ್ಲ.