ಸೂತಕದಲ್ಲಿ ಕಳೆದ ಅಪೀಲಿನ ವಾಯಿದೆ

೧೯೬೨ರಲ್ಲಿ ನಾನು ಕುಮಟೆಯಲ್ಲಿ ವಕೀಲಿ ಮಾಡುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿದ್ದ ವಯಸ್ಸು. ಹತ್ತಿರದ ಬಾಡ ಎಂಬ ಊರಿನ ವಿಧವೆ ದೇವಮ್ಮ ನನ್ನ ಕಕ್ಷಿದಾರಳು. ಅವಳ ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ತೆಂಗಿನ ಹಿತ್ತಲನ್ನು, ತಂದೆ ತೀರಿಕೊಂಡ ಮೇಲೆ ಅಣ್ಣ ಹನುಮಂತ ತಾನೊಬ್ಬನೇ ವಾರಸುದಾರನೆಂದು ಬರೆದುಕೊಟ್ಟು ಪೇಟೆಯ ವ್ಯಾಪಾರಿಗೆ ಮಾರಿದ್ದ. ಆ ಹಿತ್ತಲಿನ ಮೂಲೆಯ ಗುಡಿಸಲೇ ದೇವಮ್ಮನ ಮನೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಇಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೆ ಮದುವೆಯಲ್ಲಿ ಬಂಗಾರ ಹಾಕಿ ಅವಳ ಪಾಲು ತೀರಿಸಿದ್ದೇವೆ ಎಂಬ ಅಣ್ಣನ ಮಾತನ್ನೇ ಕೆಳಗಿನ ಕೋರ್ಟು ನಂಬಿತು. ದಾವೆ ವಜಾ ಆಯಿತು.

ಕಾರವಾರದ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು ಮೂವತ್ತು ದಿನದ ವಾಯಿದೆ. ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿ ಹೋಗೆಂದು ಹೇಳಿಕಳಿಸಿದ್ದೆ. ಅವಳು ಬಂದದ್ದು ವಾಯಿದೆ ಮುಗಿದ ಮೇಲೆ. ಹೊನ್ನಾವರದ ಕಡೆಯ ಗಂಡನ ಮನೆಯಲ್ಲಿ ಅತ್ತೆ ತೀರಿಕೊಂಡಿದ್ದರಂತೆ. ಸೂತಕದಲ್ಲಿ ಜಮೀನಿನ ಕಾಗದ ಮುಟ್ಟಬಾರದೆಂದು ಅಲ್ಲೇ ಉಳಿದಳಂತೆ. ಆ ದಿನಗಳನ್ನು ಕೋರ್ಟೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೇ ನಂಬಿದ್ದಳು ಪುಣ್ಯಾತಗಿತ್ತಿ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಗದರಿಬಿಟ್ಟೆ. ವ್ಯಾಪಾರಿಯ ಆಳುಗಳು ಆಗಲೇ ಗುಡಿಸಲ ಸುತ್ತ ಬೇಲಿಗೂಟ ಹುಗಿಯುತ್ತಿದ್ದರು.

“ಎಂತಾದ್ರೂ ಮಾಡಿ ವಕೀಲರೇ. ನಂಗೆ ಹೋಗೂಕೆ ಬೇರೆ ಜಾಗ ಇಲ್ಲ” ಎಂದಳು.

ಉಳಿದದ್ದು ಒಂದೇ ದಾರಿ: ತಕ್ಕ ಕಾರಣ ತೋರಿಸಿ, ವಿಳಂಬ ಮನ್ನಿಸಿ ಎಂದು ಅಪೀಲಿನ ಜೊತೆಗೇ ಅರ್ಜಿ ಹಾಕುವುದು. ಅದು ಬಿದ್ದರೆ ಅಪೀಲೂ ಬಿತ್ತು, ಗುಡಿಸಲೂ ಹೋಯಿತು. ನ್ಯಾಯಾಧೀಶರೋ ವಾಯಿದೆಯ ವಿಷಯದಲ್ಲಿ ಬಲು ಬಿಗಿ. ಹೆಬ್ಬೆಟ್ಟು ಒತ್ತಲು ಒಂದು ಗಳಿಗೆ ಸಾಕು, ಸೂತಕವೆಂಬುದು ಬರೀ ನೆಪ ಎಂದು ಎದುರು ವಕೀಲರು ವಾದಿಸಿದರು. ಹನುಮಂತನೂ ಕಟಕಟೆಗೆ ಬಂದು, ತಂಗಿ ಸುಳ್ಳು ಹೇಳುತ್ತಿದ್ದಾಳೆ, ನಮ್ಮಲ್ಲಿ ಅಂಥ ಕಟ್ಟಳೆಯೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳಿದ.

ಪಾಟೀಸವಾಲಿಗೆ ಎದ್ದೆ. ಸೂತಕದ ಸುದ್ದಿ ಬಿಟ್ಟು ಕ್ರಯಪತ್ರದ ಬಗ್ಗೆ ಕೇಳಿದೆ. ತಂದೆ ಹೋದ ಮೂರನೇ ದಿನವೇ ವ್ಯಾಪಾರಿ ಕಾಗದ ಹಿಡಿದು ಬಂದಿದ್ದು ನಿಜವೇ ಎಂದೆ. ಹೌದೆಂದ. ಹಾಗಾದರೆ ಅಂದೇ ಯಾಕೆ ಸಹಿ ಹಾಕಲಿಲ್ಲ?

ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. “ಎಂತ ಕೇಳ್ತ್ರಿ ವಕೀಲರೇ? ಅಪ್ಪನ ಸೂತಕದಲ್ಲಿ ಕಾಗದಕ್ಕೆ ಕೈ ಹಚ್ಚೂಕೆ ಆಗ್ತದಾ?”

ಎದುರು ವಕೀಲರು ತಲೆ ತಗ್ಗಿಸಿದರು. ನ್ಯಾಯಾಧೀಶರು ಆ ಉತ್ತರವನ್ನು ಅಕ್ಷರಶಃ ಬರೆಸಿಕೊಂಡರು. ವಿಳಂಬ ಮನ್ನಾ ಆಯಿತು. ನನಗೆ ಕುಣಿದಾಡುವಷ್ಟು ಖುಷಿ.

ಕೋರ್ಟಿನ ಜಗಲಿಯಲ್ಲಿ ದೇವಮ್ಮ ನೇರ ಅಣ್ಣನ ಎದುರು ಹೋಗಿ ನಿಂತಳು. “ಅಪ್ಪನ ಸೂತಕ ಹಿಡಿದೆಯಲ್ಲ ಅಣ್ಣ, ಅಪ್ಪಂಗೆ ಒಬ್ಬಳು ಮಗಳಿದ್ಲು ಅಂತ ನೆನಪಾಗಲಿಲ್ವಾ?” ಎಂದಳು. ಹನುಮಂತ ಮೆಟ್ಟಿಲಿಳಿದು ಹೊರಟುಹೋದ.

ಮುಂದೆ ಅಪೀಲಿನಲ್ಲಿ ಗೆದ್ದೆವು. ಗುಡಿಸಲಿದ್ದ ಅರ್ಧ ಹಿತ್ತಲು ಅವಳಿಗೆ ಉಳಿಯಿತು. ಮನೆಯಲ್ಲಿ ಹುಟ್ಟಿದರೂ ಸತ್ತರೂ ಕೋರ್ಟಿನ ದಿನ ನಿಲ್ಲುವುದಿಲ್ಲ ಎಂದು ತೀರ್ಪಿನ ದಿನವೇ ಕಕ್ಷಿದಾರರನ್ನು ಕೂರಿಸಿ ಹೇಳುವ ರೂಢಿ ನನಗೆ ಬಂದದ್ದು ಆ ಪ್ರಕರಣದಿಂದ. ಇನ್ನೊಂದು ಮಾತನ್ನೂ ಅದೇ ಕಲಿಸಿತು. ತಪ್ಪಿದ ವಾಯಿದೆಯನ್ನು ಮನ್ನಿಸಲು ಕಾಯಿದೆಯಲ್ಲಿ ದಾರಿಯಿದೆ. ಒಡಹುಟ್ಟಿದವಳನ್ನು ಇಲ್ಲವೆಂದು ಬರೆದದ್ದನ್ನು ಮನ್ನಿಸುವುದು ಅವಳೊಬ್ಬಳ ಕೈಯಲ್ಲಿದೆ. ದೇವಮ್ಮ ಮನ್ನಿಸಲಿಲ್ಲ.